ಮೊದಲು ತಿಂಗಳು, ಆಮೇಲೆ ದ್ವೀಪ

ಅಮ್ಮನ ಮಂಡಿ ಆಪರೇಷನ್‌ಗೆ ಡಾಕ್ಟರ್ ಮಾರ್ಚ್ ತಿಂಗಳು ಅಂತ ಹೇಳಿದ್ದು ಆಗಸ್ಟ್‌ನಲ್ಲಿ. ಮನೆಗೆ ಬಂದು ಕಾಫಿ ಕುಡಿಯುತ್ತಾ ಅಮ್ಮ ಕೇಳಿದ ಮೊದಲ ಪ್ರಶ್ನೆ ಆಪರೇಷನ್ ಬಗ್ಗೆ ಆಗಿರಲಿಲ್ಲ. "ಅಷ್ಟರೊಳಗೆ ಅಂಡಮಾನ್ ನೋಡ್ಕೊಂಡು ಬರೋಕಾಗುತ್ತಾ?"

ಅಮ್ಮ ನಿವೃತ್ತ ಪ್ರೈಮರಿ ಸ್ಕೂಲ್ ಟೀಚರ್. ಮೂವತ್ತೊಂದು ವರ್ಷ ಮಕ್ಕಳಿಗೆ ಕರಿನೀರಿನ ಶಿಕ್ಷೆ ಅಂದ್ರೆ ಏನು ಅಂತ ಪಾಠ ಮಾಡಿದವಳು. ಆ ಜೈಲು ಹೇಗಿದೆ ಅಂತ ಪುಸ್ತಕದ ಕಪ್ಪು-ಬಿಳುಪು ಚಿತ್ರದಲ್ಲಿ ಬಿಟ್ಟರೆ ನೋಡಿರಲಿಲ್ಲ. ಆಪರೇಷನ್ ಆದಮೇಲೆ ನಿಧಾನಕ್ಕೆ ಹೋಗೋಣ ಅಂದೆ. "ಆಮೇಲಿಂದು ಆಮೇಲೆ" ಅಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ನಮಗೆ "ಎಲ್ಲಿಗೆ" ಅನ್ನೋದು ಮೊದಲೇ ನಿಗದಿಯಾಗಿತ್ತು, "ಯಾವಾಗ" ಅನ್ನೋದು ಮಾತ್ರ ಬಾಕಿ. ಎಲ್ಲರಿಗೂ ಹೀಗಿರಲ್ಲ. ನಮ್ಮ ಆಫೀಸಿನಲ್ಲಿ ಮುಕ್ಕಾಲು ಪಾಲು ಜನಕ್ಕೆ ರಜೆ ಸಿಗೋ ತಿಂಗಳು ಮೊದಲೇ ಗೊತ್ತಿರುತ್ತೆ, ಜಾಗ ಇನ್‌ಸ್ಟಾಗ್ರಾಮ್ ನೋಡಿ ಹುಡುಕ್ತಾರೆ. ಫೋಟೋ ಯಾವ ತಿಂಗಳಲ್ಲಿ ತೆಗೆದದ್ದು ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ಅದರ ಕಥೆ ಮೊದಲು ಹೇಳಿಬಿಡ್ತೀನಿ.

2018, ನಮ್ಮ ಮದುವೆಯಾದ ವರ್ಷ. ಆಷಾಢ ಬಂತು. ಅತ್ತೆ-ಸೊಸೆ ಒಂದೇ ಹೊಸ್ತಿಲು ದಾಟಬಾರದು ಅನ್ನೋ ಶಾಸ್ತ್ರವನ್ನು ನಾನೂ ನನ್ನ ಗಂಡನೂ ಬಹಳ ಸೃಜನಶೀಲವಾಗಿ ಅರ್ಥ ಮಾಡ್ಕೊಂಡು, ತವರಿಗೆ ಹೋಗುವ ಬದಲು ಜುಲೈ ಕೊನೇ ವಾರಕ್ಕೆ ಅಂಡಮಾನ್ ಪ್ಯಾಕೇಜ್ ಬುಕ್ ಮಾಡಿದ್ವಿ. "ಮಾನ್ಸೂನ್ ಸ್ಪೆಷಲ್", ಅರ್ಧ ಬೆಲೆ. ಐದು ರಾತ್ರಿ. ಎರಡನೇ ದಿನ ಬೆಳಗ್ಗೆ ಜೆಟ್ಟಿಗೆ ಹೋದರೆ ಸಮುದ್ರ ರಫ್ ಇದೆ, ಹ್ಯಾವ್‌ಲಾಕ್ ಫೆರ್ರಿ ಕ್ಯಾನ್ಸಲ್. ಮರುದಿನವೂ ಕ್ಯಾನ್ಸಲ್. ಫೆರ್ರಿ ದುಡ್ಡು ವಾಪಸ್ ಬಂತು, ಹ್ಯಾವ್‌ಲಾಕ್‌ನ ರೆಸಾರ್ಟ್ ದುಡ್ಡು ಬರಲಿಲ್ಲ. ಪೋರ್ಟ್ ಬ್ಲೇರ್‌ನ ಲಾಡ್ಜ್ ಕಿಟಕಿಯಲ್ಲಿ ಕೂತು ಮಳೆ ನೋಡಿದ್ವಿ. ಆಗ ಅಲ್ಲಿ ಇಂಟರ್ನೆಟ್ ಅನ್ನೋದು ಹೆಸರಿಗೆ ಮಾತ್ರ. ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದದ್ದು 2020ರ ಆಗಸ್ಟ್‌ನಲ್ಲಿ. ಹವಾಮಾನ ನೋಡೋಕೂ ಪೇಜ್ ಲೋಡ್ ಆಗ್ತಿರಲಿಲ್ಲ. ನಾಲ್ಕನೇ ದಿನ ಹೇಗೋ ದಾಟಿದ್ವಿ. ಒಂದು ರಾತ್ರಿ ಹ್ಯಾವ್‌ಲಾಕ್, ನೀರು ಕಲಕಿ ಚಹಾ ಬಣ್ಣ, ಸ್ಕೂಬಾದವರು ಬೇಡ ಅಂದರು.

ಊರಿಗೆ ಬಂದು ಅಮ್ಮನಿಗೆ ಹೇಳಿದರೆ ಅವಳ ಪ್ರತಿಕ್ರಿಯೆ ಒಂದೇ: "ಪುಷ್ಯ ಮಳೆಯಲ್ಲಿ ದೋಣಿ ಹತ್ತೋಕೆ ಹೋಗಿದ್ರಾ?"

ಅಮ್ಮನ ಮಳೆ ಕ್ಯಾಲೆಂಡರ್ ಅಂಡಮಾನ್‌ಗೂ ಚೆನ್ನಾಗಿಯೇ ಹೊಂದುತ್ತೆ ಅಂತ ನನಗೆ ಗೊತ್ತಾಗಿದ್ದು ಈ ಸಲ ಕೂತು ಓದಿದಾಗ. ನೈಋತ್ಯ ಮುಂಗಾರು ಕೇರಳಕ್ಕೆ ಬರೋದು ಜೂನ್ 1ರ ಸುಮಾರಿಗೆ. ಅದಕ್ಕೂ ಮುಂಚೆ, ಮೇ ಮೂರನೇ ವಾರದ ಹೊತ್ತಿಗೇ ಅದು ಅಂಡಮಾನ್ ಸಮುದ್ರಕ್ಕೆ ಬಂದಿರುತ್ತೆ. ಟಿವಿಯಲ್ಲಿ "ಅಂಡಮಾನ್‌ಗೆ ಮುಂಗಾರು ಪ್ರವೇಶ" ಅಂತ ಪ್ರತಿವರ್ಷ ಹೇಳ್ತಾರಲ್ಲ, ಅದೇ. ಸೆಪ್ಟೆಂಬರ್‌ವರೆಗೂ ಆ ಮಳೆ. ಆಮೇಲೆ ಗಾಳಿ ದಿಕ್ಕು ತಿರುಗಿ ಈಶಾನ್ಯದ ಹಿಂಗಾರು. ಅಂಡಮಾನ್‌ನ ಕಷ್ಟ ಏನಂದ್ರೆ ಅದಕ್ಕೆ ಎರಡೂ ಸಿಗುತ್ತೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ.

ಈ ಗಾಳಿ ತಿರುಗೋ ವಿಷಯ ಒಂದು ತಲೆಯಲ್ಲಿದ್ದರೆ ಅರ್ಧ ಪ್ಲಾನಿಂಗ್ ಮುಗೀತು. ನಮಗೆ ಅರ್ಥವಾಗೋ ಉದಾಹರಣೆ ಮಂಗಳೂರು ಮತ್ತು ಚೆನ್ನೈ. ಜುಲೈನಲ್ಲಿ ಮಂಗಳೂರು ನೆನೀತಾ ಇರುತ್ತೆ, ಚೆನ್ನೈ ಬೇಯ್ತಾ ಇರುತ್ತೆ. ನವೆಂಬರ್‌ನಲ್ಲಿ ಉಲ್ಟಾ. ಪಶ್ಚಿಮಕ್ಕೆ ಮುಖ ಮಾಡಿದ ತೀರಕ್ಕೆ ಮುಂಗಾರು ಬಡಿಯುತ್ತೆ, ಪೂರ್ವಕ್ಕೆ ಮುಖ ಮಾಡಿದ್ದಕ್ಕೆ ಹಿಂಗಾರು. ಇದನ್ನೇ ತಗೊಂಡು ಥಾಯ್ಲೆಂಡ್ ಮೇಲೆ ಇಟ್ಟು ನೋಡಿ. ಫುಕೆಟ್, ಕ್ರಾಬಿ ಪಶ್ಚಿಮದ ಕಡೆ ಇರೋದರಿಂದ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ, ಅಲೆ. ಕೊ ಸಮುಯಿ ಆಚೆ ಕಡೆಯ ಕೊಲ್ಲಿಯಲ್ಲಿದೆ, ಅದಕ್ಕೆ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್. ಹಾಗಾಗಿ ಜುಲೈನಲ್ಲಿ ಥಾಯ್ಲೆಂಡ್ ಬೇಡ ಅನ್ನೋದೂ ತಪ್ಪು, ಡಿಸೆಂಬರ್‌ನಲ್ಲಿ ಎಲ್ಲಿಗೆ ಹೋದರೂ ಸರಿ ಅನ್ನೋದೂ ತಪ್ಪು. ಶ್ರೀಲಂಕಾ ಅಂತೂ ಒಂದೇ ದ್ವೀಪದಲ್ಲಿ ಎರಡೂ ಇಟ್ಟುಕೊಂಡಿದೆ: ಗಾಲ್ ಕಡೆಗೆ ಡಿಸೆಂಬರ್‌ನಿಂದ ಮಾರ್ಚ್, ಟ್ರಿಂಕೋಮಲಿ ಮತ್ತು ಅರುಗಂ ಬೇ ಕಡೆಗೆ ಮೇ ತಿಂಗಳಿಂದ ಸೆಪ್ಟೆಂಬರ್. ಸಮಭಾಜಕ ವೃತ್ತ ದಾಟಿ ಕೆಳಗೆ ಹೋದರೆ ಲೆಕ್ಕವೇ ತಲೆಕೆಳಗು. ನಮ್ಮ ಮಳೆಗಾಲ ಬಾಲಿಯ ಒಣಗಾಲ, ಏಪ್ರಿಲ್‌ನಿಂದ ಅಕ್ಟೋಬರ್. ಮಾರಿಷಸ್‌ಗೆ ಜನವರಿಯಿಂದ ಮಾರ್ಚ್ ಸೈಕ್ಲೋನ್ ಕಾಲ, ನಮ್ಮ ಜೂನ್-ಜುಲೈ ಅಲ್ಲಿ ತಂಪಾದ ಚಳಿಗಾಲ.

ಅಂದ್ರೆ ಸ್ಕೂಲ್ ಮಕ್ಕಳಿರೋರಿಗೆ, ಮೇ ತಿಂಗಳಲ್ಲೇ ರಜೆ ಸಿಗೋರಿಗೆ ದಾರಿ ಇಲ್ಲ ಅಂತೇನಿಲ್ಲ. ಏಪ್ರಿಲ್ ಪೂರ್ತಿ ಮತ್ತು ಮೇ ಮೊದಲ ವಾರ ಅಂಡಮಾನ್ ಸಮುದ್ರ ಕನ್ನಡಿ ಹಾಗಿರುತ್ತೆ, ಸೆಖೆ ಮಾತ್ರ ಸಹಿಸ್ಕೋಬೇಕು. ಮೇ ಕೊನೆ ಅಂದ್ರೆ ಬಾಲಿ ನೋಡಿ. ಬಾಲಿಗೆ ಮಾರ್ಚ್‌ನಲ್ಲಿ ಹೋಗೋರಿಗೆ ಒಂದು ಮಾತು: ಅಲ್ಲಿಯ ನ್ಯೆಪಿ ಹಬ್ಬ ಸಾಮಾನ್ಯವಾಗಿ ಮಾರ್ಚ್‌ನಲ್ಲೇ ಬರುತ್ತೆ. ನಮ್ಮ ಯುಗಾದಿ ಆಸುಪಾಸಿನ ಅವರ ಹೊಸ ವರ್ಷ. ಅವತ್ತು ಇಡೀ ದ್ವೀಪ ಮೌನ, ಏರ್‌ಪೋರ್ಟ್ ಕೂಡ 24 ಗಂಟೆ ಬಂದ್. ನನ್ನ ಸಹೋದ್ಯೋಗಿಯೊಬ್ಬಳು ಇದು ಗೊತ್ತಿಲ್ಲದೆ ಹೋಟೆಲ್ ರೂಮಿನಲ್ಲಿ ಬಿಸ್ಕೆಟ್ ತಿಂದುಕೊಂಡು ದಿನ ಕಳೆದಳು. ಈಗ ಅದೇ ಅವಳ ಫೇವರಿಟ್ ನೆನಪು ಅಂತೆ, ಅದು ಬೇರೆ ವಿಷಯ.

ಸರಿ, ನಮ್ಮ ಕಥೆಗೆ. ಆಗಸ್ಟ್‌ನಿಂದ ಮಾರ್ಚ್ ಒಳಗೆ ಅಂದರೆ ಗಂಡ ಹೇಳಿದ ಮೊದಲ ಆಯ್ಕೆ ದಸರಾ ರಜೆ. ಆಫೀಸಿನಲ್ಲಿ ಲ್ಯಾಪ್ಸ್ ಆಗೋ ರಜೆ ಬೇರೆ ಇತ್ತು. ಅಮ್ಮನೇ ಬೇಡ ಅಂದಳು, "ಚಿತ್ತಾ ಮಳೆ ಹುಚ್ಚು ಮಳೆ". ನಾನು ಹಳೇ ಸುದ್ದಿ ತೆಗೆದು ನೋಡಿದೆ. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣವನ್ನು ಅಲ್ಲಾಡಿಸಿದ ಹುದ್‌ಹುದ್ ಚಂಡಮಾರುತ ಅದಕ್ಕೂ ಮೊದಲು ಅಂಡಮಾನ್ ಮೇಲೆಯೇ ಹಾದು ಹೋಗಿತ್ತು. 2016ರ ಡಿಸೆಂಬರ್ ಮೊದಲ ವಾರದಲ್ಲಿ ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡು, ನೌಕಾಪಡೆ ಹಡಗು ಕಳಿಸಬೇಕಾಗಿ ಬಂದಿತ್ತು. ಡಿಸೆಂಬರ್ ಅಂದ್ರೆ "ಪೀಕ್ ಸೀಸನ್" ಅಂತ ಎಲ್ಲ ವೆಬ್‌ಸೈಟಲ್ಲೂ ಬರೆದಿರುತ್ತೆ. ಪೀಕ್ ಅನ್ನೋದು ಜನರಿಗೆ, ರೇಟಿಗೆ. ಸಮುದ್ರಕ್ಕೆ ಅದು ಗೊತ್ತಿರಲ್ಲ. ಮಂಡಿ ನೋವಿರೋ, ಬಿಪಿ ಮಾತ್ರೆ ತಗೊಳ್ಳೋ ಅರವತ್ತಮೂರರ ಹೆಂಗಸನ್ನು ದ್ವೀಪದಲ್ಲಿ ಎರಡು ದಿನ ಸಿಕ್ಕಿಸಿ ಹಾಕುವ ಧೈರ್ಯ ನನಗಿರಲಿಲ್ಲ.

ಒಂದು ವಾರ ಲಕ್ಷದ್ವೀಪದ ಬಗ್ಗೆಯೂ ಯೋಚನೆ ಬಂತು. ಜೈಲು ಬೇಡ ಅಂತಾದರೆ ಅದೇ ಹತ್ತಿರ ತಾನೇ. ನೀಲಿ ನೀರು ನೋಡೋಕೆ ಅದಕ್ಕಿಂತ ಚೆಂದದ ಜಾಗ ನಮ್ಮ ದೇಶದಲ್ಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಭಾರತೀಯರಿಗೂ ಪರ್ಮಿಟ್ ಬೇಕು, ಏರ್‌ಪೋರ್ಟ್ ಇರೋದು ಅಗತ್ತಿಯಲ್ಲಿ ಮಾತ್ರ, ಅದಕ್ಕೆ ಬರೋದು ಸಣ್ಣ ವಿಮಾನ, ಉಳಿದ ದ್ವೀಪಗಳಿಗೆ ದೋಣಿ ಅಥವಾ ಹಡಗು. 36 ದ್ವೀಪಗಳಲ್ಲಿ ಜನ ವಾಸ ಇರೋದು ಹತ್ತರಲ್ಲಿ. ಹೋಟೆಲ್‌ಗಳು ಬೆರಳೆಣಿಕೆ. ಪರ್ಮಿಟ್ ಮೊದಲು, ಟಿಕೆಟ್ ಆಮೇಲೆ ಅನ್ನೋ ಶಿಸ್ತು ಇರೋರಿಗೆ, ಆರೋಗ್ಯ ಗಟ್ಟಿ ಇರೋರಿಗೆ ಸರಿ. ಮಾಲ್ಡೀವ್ಸ್ ಅಂತ ತಮ್ಮ ಹೇಳಿದ. ಬೆಂಗಳೂರಿನಿಂದ ಹತ್ತಿರ, ಮುಂಚಿತವಾಗಿ ವೀಸಾ ಬೇಡ, ಡಿಸೆಂಬರ್‌ನಿಂದ ಏಪ್ರಿಲ್ ಒಣ ಹವೆ. ರೆಸಾರ್ಟೇ ಬೇಕೆಂದೇನಿಲ್ಲ, ಮಾಫುಶಿಯಂಥ ಸ್ಥಳೀಯರ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ಇವೆ, ಖರ್ಚು ಎಷ್ಟೋ ಕಡಿಮೆ. ಒಂದೇ ಎಚ್ಚರಿಕೆ: ದೂರದ ರೆಸಾರ್ಟ್‌ಗೆ ಹೋಗೋ ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತೆ. ಸಂಜೆ ಇಳಿಯೋ ಫ್ಲೈಟ್ ಅಗ್ಗ ಅಂತ ಹತ್ತಿದರೆ ಮಾಲೆಯಲ್ಲೇ ಒಂದು ರಾತ್ರಿ ಕಳೀಬೇಕು. ಮತ್ತೆ ವೆಬ್‌ಸೈಟಲ್ಲಿ ಕಾಣೋ ರೂಮ್ ರೇಟಿಗೆ ಟ್ಯಾಕ್ಸ್, ಗ್ರೀನ್ ಟ್ಯಾಕ್ಸ್, ಬೋಟ್ ಚಾರ್ಜ್ ಸೇರಿಸಿ ನೋಡಿ, ಆಮೇಲೆ ಖುಷಿಪಡಿ.

ಮಾಲ್ಡೀವ್ಸ್‌ಗೆ ಮಳೆಗಾಲದಲ್ಲೂ ಹೋಗಬಹುದು ಅನ್ನೋದನ್ನು ನಾನು ಒಪ್ತೀನಿ. ಬಾ ಅಟೋಲ್‌ನ ಹನಿಫಾರು ಬೇಯಲ್ಲಿ ಮಾಂಟಾ ರೇ ಮೀನುಗಳು ಗುಂಪುಗುಂಪಾಗಿ ಬರೋದೇ ಜೂನ್‌ನಿಂದ ನವೆಂಬರ್ ನಡುವೆ. ಮುಂಗಾರಿನ ಹರಿವು ಅವುಗಳ ಊಟವಾದ ಪ್ಲವಕಗಳನ್ನು ಆ ಸಣ್ಣ ಕೊಲ್ಲಿಗೆ ತಳ್ಳಿ ತರುತ್ತೆ. ಮಾಂಟಾ ನೋಡಲೇಬೇಕು ಅನ್ನೋರಿಗೆ ಮಳೆಯೇ ಸೀಸನ್. ಅಲ್ಲಿ ರೆಸಾರ್ಟ್ ತಲುಪಿದ ಮೇಲೆ ಎಲ್ಲಿಗೂ ಹೋಗಬೇಕಾಗಿಲ್ಲ, ಮಳೆ ಬಂದರೆ ಕೂತು ಪುಸ್ತಕ ಓದಬಹುದು. ಅಂಡಮಾನ್ ಹಾಗಲ್ಲ. ಪ್ರತಿ ಎರಡು ದಿನಕ್ಕೊಮ್ಮೆ ಫೆರ್ರಿ ಹತ್ತಬೇಕು. ಅಲೆಯ ಮೇಲೆ ನಿಂತಿರೋ ಪ್ಲಾನ್ ಅದು.

ಕೊನೆಗೆ ಉಳಿದದ್ದು ಜನವರಿ ಕೊನೆ, ಫೆಬ್ರವರಿ. ಹಿಂಗಾರು ಮುಗಿದಿರುತ್ತೆ, ಗಾಳಿ ಇಳಿದಿರುತ್ತೆ, ಸೆಖೆ ಶುರುವಾಗಿರಲ್ಲ. ಜನವರಿ 26ರ ಲಾಂಗ್ ವೀಕೆಂಡ್ ಕಳೆದ ಮೇಲಿನ ಟಿಕೆಟ್ ನೋಡಿದರೆ, ಡಿಸೆಂಬರ್ ಕೊನೇ ವಾರಕ್ಕೆ ಕಂಡ ದರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇತ್ತು, ಅಷ್ಟೇ. ಲ್ಯಾಪ್ಸ್ ಆಗೋ ರಜೆ ಲ್ಯಾಪ್ಸ್ ಆಯ್ತು. ಮ್ಯಾನೇಜರ್ ಹತ್ತಿರ ಫೆಬ್ರವರಿ ರಜೆ ಕೇಳಿದಾಗ ಅವರ ಮುಖ ಹೇಗಿತ್ತು ಅಂತ ಬರೆಯಲ್ಲ.

ತಾರೀಕಿನ ವಿಷಯಕ್ಕೆ ಮನೆಯಲ್ಲಿ ಇನ್ನೊಂದು ಜಗಳ. ಹ್ಯಾವ್‌ಲಾಕ್‌ನಲ್ಲಿ ರಾತ್ರಿ ಕಯಾಕ್‌ನಲ್ಲಿ ಹೋದರೆ ನೀರು ಕಲಕಿದಲ್ಲೆಲ್ಲ ನೀಲಿ ಬೆಳಕು ಮಿಂಚುತ್ತೆ, ನೀರಿನಲ್ಲಿರೋ ಸೂಕ್ಷ್ಮಜೀವಿಗಳ ಬೆಳಕು. ಚಂದ್ರ ಇರಬಾರದು, ಅಮಾವಾಸ್ಯೆ ಬೆಸ್ಟ್. ನನ್ನ ಗಂಡನಿಗೆ ಅದು ಬೇಕೇ ಬೇಕು. ಅಮ್ಮನಿಗೆ ಅಮಾವಾಸ್ಯೆ ದಿನ ಪ್ರಯಾಣ ಬೇಡವೇ ಬೇಡ. ಅಮಾವಾಸ್ಯೆ ಕಳೆದು ಬಿದಿಗೆ ದಿನ ಹೊರಡೋದು ಅಂತ ರಾಜಿಯಾಯ್ತು. ಚೌತಿಯವರೆಗೂ ಚಂದ್ರ ಬೇಗ ಮುಳುಗ್ತಾನಲ್ಲ. ಅಂದಹಾಗೆ ದ್ವೀಪಕ್ಕೆ ಹೋಗೋರು ಪಂಚಾಂಗ ನೋಡೋದು ಮೂಢನಂಬಿಕೆ ಅಲ್ಲ. ಅಮಾವಾಸ್ಯೆ-ಹುಣ್ಣಿಮೆ ಸುತ್ತಮುತ್ತ ಉಬ್ಬರವಿಳಿತ ಜಾಸ್ತಿ, ಅಷ್ಟಮಿ ಹೊತ್ತಿಗೆ ಕಡಿಮೆ. ನೀಲ್ ದ್ವೀಪದ ಪ್ರಸಿದ್ಧ ಕಲ್ಲಿನ ಸೇತುವೆ ಹತ್ತಿರ ಹೋಗೋಕಾಗೋದು ಇಳಿತದ ಹೊತ್ತಲ್ಲಿ ಮಾತ್ರ. ಈಜೋಕೆ ಉಬ್ಬರ ಬೇಕು, ಇಳಿತದಲ್ಲಿ ಎಷ್ಟೋ ಬೀಚ್‌ಗಳಲ್ಲಿ ಹವಳದ ಕಲ್ಲೇ ಕಾಲಿಗೆ ಸಿಗುತ್ತೆ. ಈ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಾ ಇರುತ್ತೆ. ಹೋಟೆಲ್‌ನಲ್ಲಿ ಕೇಳಿದರೆ ಹೇಳ್ತಾರೆ, ಆದರೆ ನಾವು ಕೇಳಬೇಕು.

ಬೆಂಗಳೂರಿನಿಂದ ನೇರ ವಿಮಾನ, ಎರಡೂವರೆ ಗಂಟೆ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯ ಪುರಂ ಅಂತ ಹೆಸರು. ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ ಆಗಿದ್ದು 2018ರ ಡಿಸೆಂಬರ್‌ನಲ್ಲಿ. ಟಿಕೆಟ್ ಬುಕ್ ಮಾಡುವಾಗ ಎರಡೂ ಹೆಸರಲ್ಲಿ ಹುಡುಕಿ. ಆಟೋದವರೆಲ್ಲ ಹಳೇ ಹೆಸರೇ ಹೇಳ್ತಾರೆ.

ಇಳಿದ ಸಂಜೆಯೇ ಜೈಲಿಗೆ ಹೋದ್ವಿ. ಸೆಲ್ಯುಲಾರ್ ಜೈಲ್ ಕಟ್ಟೋಕೆ ಶುರು ಮಾಡಿದ್ದು 1896, ಮುಗಿದದ್ದು 1906. ನಡುವೆ ಒಂದು ಗೋಪುರ, ಅದರಿಂದ ಚಕ್ರದ ಕಡ್ಡಿಗಳ ಹಾಗೆ ಏಳು ಸಾಲು ಕಟ್ಟಡ. ಈಗ ಉಳಿದಿರೋದು ಮೂರು. ಒಂದು ಸಾಲಿನ ಕೋಣೆಗಳ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ತೆರೆಯೋ ಹಾಗೆ ಕಟ್ಟಿದ್ದಾರೆ, ಕೈದಿಗೆ ಎದುರು ಇನ್ನೊಬ್ಬ ಮನುಷ್ಯನ ಮುಖ ಕಾಣಬಾರದು ಅಂತ. ಇದನ್ನು ನಾನು ಗೈಡ್ ಬಾಯಲ್ಲಿ ಕೇಳಲಿಲ್ಲ. ಅಮ್ಮನೇ ಹೇಳಿದಳು, ಕ್ಲಾಸಿನಲ್ಲಿ ಹೇಳೋ ಹಾಗೆ, ಬೋರ್ಡ್ ತೋರಿಸೋ ಥರ ಕೈ ಎತ್ತಿ. ಪಕ್ಕದಲ್ಲಿದ್ದ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಕನ್ನಡ ಕೇಳಿ ಹತ್ತಿರ ಬಂದು ನಿಂತರು. ಅವರ ಮಗ ಪ್ರಶ್ನೆ ಕೇಳಿದ, ಅಮ್ಮ ಉತ್ತರ ಹೇಳಿದಳು. ಹತ್ತು ನಿಮಿಷ ಅವಳಿಗೆ ಮಂಡಿ ನೆನಪಿರಲಿಲ್ಲ. ಆಮೇಲೆ ಒಬ್ಬಳೇ ಒಂದು ಕೋಣೆಯೊಳಗೆ ಹೋದಳು. ಮೇಲೆ ಎಟುಕದಷ್ಟು ಎತ್ತರದಲ್ಲಿ ಒಂದು ಸಣ್ಣ ಕಿಂಡಿ. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದು, "ಮಕ್ಕಳಿಗೆ ನಾನು ಇದನ್ನ ದೊಡ್ಡದಾಗಿ ಹೇಳ್ಬಿಟ್ಟಿದ್ದೆ. ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ" ಅಂದಳು. ಮಹಡಿ ಮೆಟ್ಟಿಲು ಅವಳು ಹತ್ತಲಿಲ್ಲ. ನಾವೂ ಹತ್ತಲಿಲ್ಲ.

ಇಲ್ಲಿ ಕತ್ತಲಾಗೋದು ಬೇಗ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬ್ಯಾಂಕಾಕ್ ಕಡೆಯವನು. ಡಿಸೆಂಬರ್‌ನಲ್ಲಿ ಐದಕ್ಕೇ ಮುಳುಗ್ತಾನೆ, ಫೆಬ್ರವರಿಯಲ್ಲಿ ಐದೂವರೆ ಹತ್ತಿರ. ಬೆಂಗಳೂರಿನವರ ಹಾಗೆ ಒಂಬತ್ತಕ್ಕೆ ಎದ್ದು ಹತ್ತೂವರೆಗೆ ತಿಂಡಿ ತಿಂದರೆ ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ. ಅಮ್ಮ ಐದಕ್ಕೆ ಎದ್ದು ಹೊರಗೆ ಕೂತಿರ್ತಿದ್ದಳು, ನಮಗಿಂತ ದಿನಕ್ಕೆ ಎರಡು ಗಂಟೆ ಜಾಸ್ತಿ ಅಂಡಮಾನ್ ನೋಡಿದಳು.

ಹ್ಯಾವ್‌ಲಾಕ್ ಫೆರ್ರಿ ಈ ಸಲ ಎರಡು ಗಂಟೆ, ಕಪ್ಪಿನಲ್ಲಿದ್ದ ಚಹಾ ಚೆಲ್ಲಲಿಲ್ಲ. ಅಮ್ಮ ಕಿಟಕಿ ಪಕ್ಕ ಕೂತು ಹಾರೋ ಮೀನು ಲೆಕ್ಕ ಹಾಕಿದಳು. ಹತ್ತಿ ಇಳಿಯುವಾಗ ಮಾತ್ರ ಕಷ್ಟ. ಹಡಗಿನಿಂದ ಜೆಟ್ಟಿಗೆ ಹಾಕೋ ಹಲಗೆ ಇಳಿತದಲ್ಲಿ ಕಡಿದಾಗಿರುತ್ತೆ. ವಯಸ್ಸಾದವರನ್ನು ಕರ್ಕೊಂಡು ಹೋಗೋರು ಮೊದಲೇ ಹೇಳಿ, ಇಬ್ಬರು ಹುಡುಗರು ಬಂದು ಕೈ ಹಿಡೀತಾರೆ. ರಾಧಾನಗರ ಬೀಚ್ ಅಗಲ, ಸಪಾಟು, ಮರಳು ಗಟ್ಟಿ, ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿತ್ತು. ಎಲಿಫೆಂಟ್ ಬೀಚ್‌ಗೆ ಅವಳನ್ನು ಕರ್ಕೊಂಡು ಹೋಗಲಿಲ್ಲ. ಸ್ಪೀಡ್‌ಬೋಟ್‌ನಿಂದ ನೀರಿಗೇ ಇಳೀಬೇಕು. ನಾವಿಬ್ಬರೇ ಹೋಗಿ ಸ್ನಾರ್ಕೆಲ್ ಮಾಡಿದ್ವಿ. ಮೀನು ಬೇಕಾದಷ್ಟು, ಹವಳ ಅಲ್ಲಲ್ಲಿ ಬಿಳಿಚಿದೆ. 2010ರಲ್ಲಿ ಸಮುದ್ರದ ನೀರು ಬಿಸಿಯಾಗಿ ಅಂಡಮಾನ್‌ನ ಹವಳಗಳಿಗೆ ದೊಡ್ಡ ಪೆಟ್ಟು ಬಿದ್ದಿತ್ತು. ಉಳಿದದ್ದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳೋರನ್ನು ನೋಡಿದರೆ ಸಿಟ್ಟು ಬರುತ್ತೆ.

ಬಾರಾಟಾಂಗ್‌ನ ಸುಣ್ಣದ ಗುಹೆಗೆ ಹೋಗಲ್ವಾ ಅಂತ ಡ್ರೈವರ್ ಎರಡು ಸಲ ಕೇಳಿದ. ಆ ದಾರಿ ಹೋಗೋದು ಜಾರವಾ ಜನರ ಮೀಸಲು ಕಾಡಿನೊಳಗಿಂದ. ಕಾನ್‌ವಾಯ್‌ನಲ್ಲಿ ಕೂತು ಕಿಟಕಿಯಿಂದ ಮನುಷ್ಯರನ್ನು ಹುಡುಕೋದು ನಮಗೆ ಬೇಡ ಅನ್ನಿಸಿತು.

ನೀಲ್ ಅಮ್ಮನಿಗೆ ಎಲ್ಲಕ್ಕಿಂತ ಇಷ್ಟವಾಯ್ತು. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು, ಬದನೆ, ಸೊಪ್ಪು, ತೆಂಗು ಬೆಳೀತಾರೆ. ಇಡೀ ಅಂಡಮಾನ್‌ಗೆ ತರಕಾರಿ ಹೋಗೋದು ಇಲ್ಲಿಂದ. ಸಸ್ಯಾಹಾರಿಗಳಾದ ನಮಗೆ ಊಟದ ಯೋಚನೆಯೇ ಇರಲಿಲ್ಲ. ಕಲ್ಲಿನ ಸೇತುವೆಗೆ ಹೋಗೋ ದಾರಿ ಪಾಚಿ ಹಿಡಿದ ಬಂಡೆ. ಅಮ್ಮ ಮರದ ಕೆಳಗೆ ಎಳನೀರು ಮಾರೋ ಹೆಂಗಸಿನ ಜೊತೆ ಕೂತಳು. ಅವಳಿಗೆ ಬಂಗಾಳಿ ಮತ್ತು ಹಿಂದಿ, ಅಮ್ಮನಿಗೆ ಕನ್ನಡ ಮತ್ತು ದೂರದರ್ಶನ ಹಿಂದಿ. ನಾವು ವಾಪಸ್ ಬರೋ ಹೊತ್ತಿಗೆ ಇಬ್ಬರೂ ಮಂಡಿ ತೋರಿಸಿಕೊಂಡು ಮಾತಾಡ್ತಿದ್ದರು.

ಒಂದು ತಪ್ಪು ಮಾತ್ರ ನಾನು ಎರಡನೇ ಸಲ ಮಾಡಲಿಲ್ಲ. ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇದ್ವಿ. ಫೆರ್ರಿ ಮತ್ತು ಫ್ಲೈಟ್ ಒಂದೇ ದಿನ ಇಟ್ಟುಕೊಳ್ಳೋದು, ಸಮುದ್ರ ಎಷ್ಟೇ ಶಾಂತವಾಗಿರಲಿ, ಜೂಜು. ಏರ್‌ಪೋರ್ಟ್‌ನಲ್ಲಿ ಅಮ್ಮನ ಬ್ಯಾಗಿನಿಂದ ಬೀಚ್‌ನಲ್ಲಿ ಎತ್ತಿಕೊಂಡ ಒಂದು ಹವಳದ ತುಂಡು ಹೊರಗೆ ಬಂತು. ಸತ್ತ ಹವಳವನ್ನೂ ತಗೊಂಡು ಹೋಗುವ ಹಾಗಿಲ್ಲ, ವನ್ಯಜೀವಿ ಕಾಯ್ದೆ. ಟೀಚರ್ ತಲೆ ತಗ್ಗಿಸಿ "ಸಾರಿ" ಅಂದದ್ದನ್ನು ನಾನು ಜೀವನದಲ್ಲಿ ಮೊದಲ ಸಲ ನೋಡಿದೆ.

ಮಾರ್ಚ್‌ನಲ್ಲಿ ಆಪರೇಷನ್ ಆಯ್ತು. ಈಗ ವಾಕರ್ ಬಿಟ್ಟು ಕೋಲು ಹಿಡಿದಿದ್ದಾಳೆ. ಫಿಸಿಯೋಥೆರಪಿಸ್ಟ್ ದಿನಕ್ಕೆ ಎರಡು ಸಲ ಮೆಟ್ಟಿಲು ಹತ್ತಿ ಇಳೀಬೇಕು ಅಂದಿದ್ದಾರೆ, ಬೈಕೊಂಡು ಹತ್ತುತ್ತಾಳೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಒಂದು ದಿನದ ಮಟ್ಟಿಗೆ ಹೋಗಿ ಬರೋಣ, ಅದು ಹತ್ತಿರ ಅಂದೆ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಬಿಡಲ್ಲ ಅಂತ ಅವಳೇ ನನಗೆ ನೆನಪಿಸಿದಳು.

ಮೊನ್ನೆ ಆಫೀಸ್ ಮೀಟಿಂಗ್ ಮಧ್ಯೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಅಮ್ಮನ ಮೆಸೇಜ್ ಬಂತು: "ಬಾಲಿಯಲ್ಲಿ ಮಘಾ ಮಳೆ ಬರಲ್ವಂತೆ. ಹೌದಾ?"